ಬಿಳಿ ಹಲಗೆಗೆ ಹಚ್ಚಿದ ವಿಭೂತಿ

ಕೂಡ್ಲಿಗಿಯಿಂದ ಕೊಟ್ಟೂರಿಗೆ ಬರುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಚಪ್ಪಟೆ ಬಂಡೆಯಿದೆ. ಒಂದು ಊರಿನ ಜನ ಪಂಕ್ತಿಯಲ್ಲಿ ಕೂತು ಉಣ್ಣುವಷ್ಟು ಅಗಲ. ಆ ಬಂಡೆಗೆ ನಾವು ಸುಣ್ಣ ಬಳಿದೆವು. ಮಳೆ ಬಂದು ತೊಳೆದಾಗಲೆಲ್ಲ ಮತ್ತೆ ಬಳಿದೆವು. ಕುರಿ ಕಾಯುವ ಮುದುಕನೊಬ್ಬ ಕೋಲಿಗೆ ಗದ್ದ ಊರಿಕೊಂಡು ನೋಡುತ್ತಿದ್ದವನು, "ಈ ಕಲ್ಲಿಗೇನು ಮದುವಿ ಇಟ್ಟೀರೇನ್ರಿ?" ಎಂದು ಕೇಳಿದ. ನಮ್ಮ ಜೀಪಿನ ಡ್ರೈವರ್ ಬ್ರಷ್ಷನ್ನು ಆಕಾಶದ ಕಡೆ ಎತ್ತಿ, "ಹೂನಪ, ಗಂಡು ಮ್ಯಾಲಿಂದ ಬರ್ತಾನ. ಹತ್ತೂವರಿಗೆ ಮುಹೂರ್ತ" ಎಂದ. ಮುದುಕ ನಿಜವಾಗಿಯೂ ತಲೆ ಎತ್ತಿ ನೋಡಿದ.

ಡ್ರೈವರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಬೆಳಿಗ್ಗೆ ಹತ್ತೂವರೆ ಆಸುಪಾಸಿಗೆ ನಮ್ಮ ತಲೆಯ ಮೇಲೆ ಉಪಗ್ರಹ ಹಾದುಹೋಗುತ್ತಿತ್ತು. ಅದು ಚಿತ್ರ ತೆಗೆಯುವ ಹೊತ್ತಿಗೆ ಕೆಳಗೆ ನೆಲ ಎಷ್ಟು ಬೆಳಕನ್ನು ವಾಪಸ್ ಕಳಿಸುತ್ತಿದೆ ಎಂದು ಅಳೆಯುವುದು ನಮ್ಮ ಕೆಲಸ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಬೀಜದ ಫಾರಂ ಒಂದರಲ್ಲಿ ಮಳೆಮಾಪಕ ನೋಡಿಕೊಂಡಿದ್ದವನು. ಅಳತೆ ತಪ್ಪದೆ ಬರೆಯುವ ಮನುಷ್ಯ ಬೇಕು ಎಂದು ನನ್ನನ್ನು ಎರವಲು ಕರೆದುಕೊಂಡಿದ್ದರು. ಆ ದಿನಗಳ ಕಥೆಯನ್ನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಪ್ರತಿ ಸಲವೂ ಒಂದು ಭಾಗ ಬಿಟ್ಟು ಹೇಳಿದ್ದೇನೆ. ಈಗ ವಯಸ್ಸಾಯಿತು. ಆ ಭಾಗವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಕೆಲಸದ ಯಜಮಾನಿಕೆ ಒಬ್ಬ ಮೇಡಂ ಅವರದು. ಮೈಸೂರಿನವರು, ದೂರದ ಒಂದು ಸಂಶೋಧನಾ ಸಂಸ್ಥೆಯಿಂದ ಬಂದಿದ್ದರು. ನನ್ನ ಅರ್ಧ ವಯಸ್ಸಿನವರು. ಡ್ರೈವರ್ ನನ್ನನ್ನು ಕಾಕಾ ಎನ್ನುತ್ತಿದ್ದುದನ್ನು ಕೇಳಿ ಅವರೂ ಕಾಕಾ ಎಂದರು. ಕೊಟ್ಟೂರಿನಲ್ಲಿ ಬಾಡಿಗೆಗೆ ಹಿಡಿದ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಹಿಂದಿನ ಕೋಣೆಯಲ್ಲಿ ಯಂತ್ರಗಳು. ಹಿಂದಿನ ಕೋಣೆಯ ಬೀಗದ ಕೈ ನನ್ನ ಉಡಿದಾರದಲ್ಲಿ.

ಅವರ ಗುರಿ ನಮ್ಮ ಹೊಲಗಳಲ್ಲ, ದಕ್ಷಿಣ ಧ್ರುವದ ಹಿಮ. ಅಲ್ಲಿಯ ಬಿಳುಪು ಬಿಸಿಲನ್ನು ಎಷ್ಟು ತಿರುಗಿಸಿ ಕಳಿಸುತ್ತದೆ, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆಯೇ ಎಂದು ಉಪಗ್ರಹದ ಚಿತ್ರದಿಂದಲೇ ತಿಳಿಯಬೇಕು. ಅದಕ್ಕೆ ಅವರು ಕಂಪ್ಯೂಟರಿಗೆ ಪಾಠ ಹೇಳುತ್ತಿದ್ದರು. ಒಂದು ದಿನ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದರು. "ಇದಕ್ಕೆ ಲೆಕ್ಕ ಮಾಡೋ ದಾರಿ ಹೇಳಿಕೊಡಲ್ಲ ಕಾಕಾ. ಚಿತ್ರ ಕೊಡ್ತೀವಿ, ನಾವು ನೆಲದಲ್ಲಿ ಅಳೆದ ಉತ್ತರ ಕೊಡ್ತೀವಿ. ಮೊದಲು ಏನೋ ಒಂದು ಊಹೆ ಮಾಡುತ್ತೆ. ತಪ್ಪು ಎಷ್ಟು ಅಂತ ಹೇಳ್ತೀವಿ. ಸ್ವಲ್ಪ ತಿದ್ದಿಕೊಳ್ಳುತ್ತೆ. ಹಂಗೇ ಸಾವಿರಾರು ಸಲ."

"ಉತ್ತರಾನ ತಪ್ಪು ಕೊಟ್ರ?" ಎಂದೆ.

"ತಪ್ಪನ್ನೇ ಶ್ರದ್ಧೆಯಿಂದ ಕಲಿಯುತ್ತೆ" ಎಂದು ನಕ್ಕರು.

ಹಿಮದ ಮೇಲೆ ಹೋಗಿ ಅಳೆಯುವುದು ಎಲ್ಲರಿಗೂ ಆಗುವ ಮಾತಲ್ಲ. ಕಡುಕಪ್ಪಿನಿಂದ ಕಡುಬಿಳಿಯವರೆಗೆ ಎಲ್ಲ ಬಗೆಯ ನೆಲವೂ ಹತ್ತಿರ ಹತ್ತಿರ ಸಿಗುವ ಕಡೆ ಮೊದಲು ಪಾಠ ಕಲಿಸಿ, ಸರಿಯಾಗಿ ಕಲಿತಿದೆ ಎಂದು ತೋರಿಸಿದರೆ, ವರ್ಷದ ಕೊನೆಗೆ ಹೊರಡುವ ಹಡಗಿನಲ್ಲಿ ಅವರಿಗೂ ಒಂದು ಜಾಗ ಸಿಗುವುದಿತ್ತು. ಆ ಜಾಗಕ್ಕೆ ಇನ್ನೂ ಒಬ್ಬರು ಕಾಯುತ್ತಿದ್ದರು. ಮೇಡಂ ಇದನ್ನು ಹೆಚ್ಚು ಆಡುತ್ತಿರಲಿಲ್ಲ. ಆದರೆ ಬಂಡೆಯ ಮೇಲೆ ಸುಣ್ಣ ಒಣಗಿ ಬಿಸಿಲಿಗೆ ಕಣ್ಣು ಕುಕ್ಕುವಾಗ ಅದರ ನಡುವೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದರು. "ಇದು ನಮ್ಮ ಹಿಮ" ಎನ್ನುತ್ತಿದ್ದರು. "ಕಾಲು ಸುಡ್ತೈತ್ರಿ ನಿಮ್ಮ ಹಿಮ" ಎಂದು ಡ್ರೈವರ್ ಚಪ್ಪಲಿ ಹುಡುಕುತ್ತಿದ್ದ.

ಆ ತಿರುಗಾಟ ಈಗಲೂ ಕನಸಿನಲ್ಲಿ ಬರುತ್ತದೆ. ಒಂದು ದಿನ ಇಟ್ಟಿಗಿಯ ಕಪ್ಪು ಎರೆಹೊಲ, ಇನ್ನೊಂದು ದಿನ ಕೂಡ್ಲಿಗಿ ಕಡೆಯ ಕೆಂಪು ಮಸಾರಿ ನೆಲ, ಮತ್ತೊಂದು ದಿನ ಹಗರಿಬೊಮ್ಮನಹಳ್ಳಿ ಹತ್ತಿರದ ಜಲಾಶಯದಲ್ಲಿ ತೆಪ್ಪ. ಹರಪನಹಳ್ಳಿ ಕಡೆ ಹೋದರೆ ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಿ, ಗಾಳಿಯಲ್ಲಿ ಧೂಳೆಷ್ಟಿದೆ ಎಂದು ಸೂರ್ಯನಿಗೆ ಒಂದು ಸಣ್ಣ ಯಂತ್ರ ಹಿಡಿಯುವುದು. ಇಳಿದು ಬಂದ ಮೇಲೆ ಜೀಪಿನ ಬಾನೆಟ್ಟಿನ ಮೇಲೆ ಪೇಪರು ಹಾಸಿ ಮಂಡಕ್ಕಿ, ಮೆಣಸಿನಕಾಯಿ. ಮೋಡ ಬಂದರೆ ಆ ದಿನ ಹಾಳು. ಹತ್ತು ಗಂಟೆಗೆ ಶುಭ್ರವಾಗಿದ್ದ ಆಕಾಶದಲ್ಲಿ ಹತ್ತೂವರೆಗೆ ಸರಿಯಾಗಿ ಹತ್ತಿಯಂಥ ಒಂದು ತುಂಡು ತೇಲಿಬಂದಾಗ ಮೂವರೂ ಅದನ್ನು ಬೈಯುತ್ತಿದ್ದೆವು.

ಇಟ್ಟಿಗಿಯ ಹೊಲದ ಒಡತಿಯನ್ನು ಒಪ್ಪಿಸಿದ್ದು ಬೇರೆಯೇ ಪುರಾಣ. ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಒಂದು ಮೂಲೆ ಬಿತ್ತದೆ ಬಿಡಿ ಎಂದು ಕೇಳಿದೆವು. "ಹೊಲ ಬಿತ್ತಬ್ಯಾಡ ಅಂದ್ರ ಹೊಟ್ಟಿಗೆ ನಿನ್ನ ಪೆಟ್ಟಿಗಿ ತಿನ್ನಾಣೇನವ್ವಾ?" ಎಂದು ಸೊಂಟಕ್ಕೆ ಕೈಯಿಟ್ಟಳು. ಮೇಡಂ ಅವಳಿಗೂ ಹಿಮದ ಕಥೆ ಹೇಳಿದರು. ಪೂರ್ತಿ ಕೇಳಿ, "ಒಬ್ಬಾಕೀನ ಹೊಕ್ಕೀ ಏನು ಅಷ್ಟು ದೂರ? ಮದುವಿ ಆಗಿಲ್ಲೇನು?" ಎಂದು ಕೇಳಿ, ಮೂಲೆ ಬಿಟ್ಟುಕೊಟ್ಟಳು.

ಇನ್ನು ಬಿಳಿ ಹಲಗೆಯ ವಿಷಯ. ಅಳೆಯುವ ಯಂತ್ರ ತನ್ನಷ್ಟಕ್ಕೆ ತಾನೇ ಏನನ್ನೂ ಹೇಳುವುದಿಲ್ಲ. ಮೊದಲು ಅದರ ಕಣ್ಣನ್ನು ಒಂದು ಬಿಳಿ ಹಲಗೆಯ ಮೇಲೆ ಹಿಡಿಯಬೇಕು. ಬಿದ್ದ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಕೊಡುವ ಹಲಗೆ ಅದು. ಆಮೇಲೆ ನೆಲದ ಮೇಲೆ ಹಿಡಿಯಬೇಕು. ಹಲಗೆ ಕೊಟ್ಟಿದ್ದರಲ್ಲಿ ನೆಲ ಎಷ್ಟು ಪಾಲು ಕೊಟ್ಟಿತು ಎನ್ನುವುದೇ ಉತ್ತರ. ಕೊನೆಗೆ ಮತ್ತೊಮ್ಮೆ ಹಲಗೆ. ಬಿಳಿ ಪುಡಿಯನ್ನು ಒತ್ತಿ ಮಾಡಿದಂತಿತ್ತು, ಮುಟ್ಟಿದರೆ ಬೆರಳಿನ ಜಿಡ್ಡು ಅಂಟುತ್ತದೆ. "ಅಂಚು ಹಿಡೀರಿ, ಮುಖ ಮುಟ್ಟಬೇಡಿ. ಎಲ್ಲ ಅಳತೆಗೂ ಇದೇ ಸೇರು" ಎಂದು ಮೊದಲ ದಿನವೇ ಹೇಳಿದ್ದರು. ಅದನ್ನು ಪೆಟ್ಟಿಗೆಯಿಂದ ತೆಗೆದು ಇಡುವ ಕೆಲಸ ನನ್ನದು. ಅಷ್ಟು ದಿನ ಅದರ ಮುಖಕ್ಕೆ ನನ್ನ ಉಸಿರೂ ತಾಗದ ಹಾಗೆ ನೋಡಿಕೊಂಡಿದ್ದೆ.

ಮಾರ್ನಮಿ ಬಂತು. ಮೇಡಂ ದಸರೆಗೆ ಮೈಸೂರಿಗೆ ಹೋದರು. ಆಯುಧಪೂಜೆಯ ದಿನ ಡ್ರೈವರ್ ಜೀಪು ತೊಳೆದು, ಬಾಳೆಕಂದು ಕಟ್ಟಿ, ಚಂಡುಹೂವಿನ ಸರ ಹಾಕಿ, ನನ್ನನ್ನು ಕೂಗಿದ. "ಕಾಕಾ, ಗಾಡಿಗೆ ಪೂಜಿ, ಹಾರಿ-ಗುದ್ದಲಿಗೆ ಪೂಜಿ. ಒಳಗ ಇರೋ ಪೆಟ್ಟಿಗಿ ಏನ್ ಪಾಪ ಮಾಡ್ಯಾವ? ನಮಗ ಅನ್ನ ಹಾಕೋದು ಅವ ಅಲ್ಲೇನು?"

ನಮ್ಮ ಮನೆತನದಲ್ಲಿ ಆ ದಿನ ಕುಡುಗೋಲು, ಕೂರಿಗೆ, ತಕ್ಕಡಿ, ಕೊನೆಗೆ ಒನಕೆಯನ್ನೂ ಬಿಡದೆ ವಿಭೂತಿ ಹಚ್ಚುತ್ತೇವೆ. ಒಂದನ್ನು ಬಿಟ್ಟರೆ ಅದು ಮುನಿಯುತ್ತದೆ ಎಂದು ತಾಯಿ ಹೇಳುತ್ತಿದ್ದಳು. ಬೀಗ ತೆಗೆದೆ. ಮುಕ್ಕಾಲಿ ಸ್ಟ್ಯಾಂಡಿಗೆ ಹಚ್ಚಿದೆ. ಯಂತ್ರದ ಪೆಟ್ಟಿಗೆಗೆ ಹಚ್ಚಿದೆ, ಕಂಪ್ಯೂಟರಿನ ತಲೆಗೆ ಹಚ್ಚಿದೆ. ಹಲಗೆಯ ಮುಂದೆ ನಿಂತೆ. ಮುಟ್ಟಬೇಡಿ ಎಂದದ್ದು ನೆನಪಿತ್ತು. ಆದರೆ ಎಲ್ಲ ಅಳತೆಗೂ ಮೂಲವಾದದ್ದನ್ನೇ ಬಿಟ್ಟು ಉಳಿದವಕ್ಕೆ ಪೂಜೆ ಮಾಡುವುದು ದೇವರನ್ನು ಬಿಟ್ಟು ಗುಡಿಗೆ ಕೈಮುಗಿದಂತೆ ಕಂಡಿತು. ಹಲಗೆಯೂ ಬಿಳಿ, ವಿಭೂತಿಯೂ ಬಿಳಿ. ಮೂರು ಬೆರಳು ಒದ್ದೆ ಮಾಡಿ ಹಲಗೆಯ ಮುಖದ ಮೇಲೆ ಅಡ್ಡ ಎಳೆದೆ. ನಡುವೆ ಒಂದು ಕುಂಕುಮದ ಬೊಟ್ಟು ಇಟ್ಟೆ. ಊದುಬತ್ತಿ ಬೆಳಗಿ ಕೈಮುಗಿದಾಗ ನಿಜವಾಗಿಯೂ ಭಕ್ತಿ ಬಂತು.

ಮರುದಿನ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿದೆ. ಹಲಗೆಯ ಮೇಲಿನ ಕುಂಕುಮ ಮಾತ್ರ ಹೋಗಲಿಲ್ಲ. ಹರಡಿ ನಸುಗೆಂಪಾಯಿತು. ಜೋರಾಗಿ ಉಜ್ಜಿದೆ, ಹಲಗೆಯ ಪುಡಿಯೇ ಬಟ್ಟೆಗೆ ಬಂತು. ಆಗ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಒಣ ವಿಭೂತಿ ಗಟ್ಟಿಯನ್ನು ಪುಡಿ ಮಾಡಿ ಇಡೀ ಮುಖಕ್ಕೆ ತೆಳ್ಳಗೆ ತಿಕ್ಕಿದೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಕಲೆ ಕಾಣಲಿಲ್ಲ. ಬಿಳಿಯಾಗಿಯೇ ಇತ್ತು.

ಹಬ್ಬದ ನಂತರ ಆಕಾಶ ತೆರವಾಯಿತು. ದಿನ ಬಿಟ್ಟು ದಿನ ಕೆಲಸ. ತುಂಗಭದ್ರೆಯ ನೀರು ಇಳಿದು ಮಾಗಳ ಊರಿನ ಹತ್ತಿರ ಹೊಳೆಯ ಮರಳೂ ತೆರೆದುಕೊಂಡಿತು. ಮೇಡಂ ಮುಖ ಮಾತ್ರ ಗಂಟಾಗುತ್ತ ಬಂತು. ಒಂದು ದಿನ ಸುಣ್ಣದ ಬಂಡೆಯ ಮೇಲೆ ಅಳತೆ ಮುಗಿಸಿ ಹಣೆ ಹಿಡಿದುಕೊಂಡು ಕೂತರು. "ಕಾಕಾ, ಬಿದ್ದಿದ್ದಕ್ಕಿಂತ ಹೆಚ್ಚು ಬೆಳಕನ್ನ ಈ ಬಂಡೆ ವಾಪಸ್ ಕೊಡ್ತಿದೆ. ಸೂರ್ಯನಿಗೇ ಸಾಲ ಕೊಡೋ ಬಂಡೆ ಇದು."

ಸುಣ್ಣ ದಪ್ಪವಾಗಿ ಹೊಳೆಯುತ್ತಿದೆಯೇನೋ ಎಂದು ಕೆರೆಸಿ ಮತ್ತೆ ಬಳಿಸಿದರು. ನಾನೇ ಮುಂದೆ ನಿಂತು ಕೆರೆದೆ. ಯಂತ್ರದ ಬ್ಯಾಟರಿ ಬದಲಿಸಿದರು. ಏನೂ ಆಗಲಿಲ್ಲ. ಕಂಪ್ಯೂಟರಿಗೆ ಮೊದಲಿಂದ ಪಾಠ ಹೇಳಿದರು. ಅದು ಒಂದು ಹಂತದವರೆಗೆ ಕಲಿತು ಮುಂದೆ ಹಟ ಹಿಡಿಯುತ್ತಿತ್ತು. ಪರದೆಯ ಮೇಲೆ ಚುಕ್ಕಿಗಳನ್ನು ಹಾಕಿ ತೋರಿಸಿದರು. ಒಂದೇ ಗೆರೆಯಲ್ಲಿ ಬರಬೇಕಾದವು ಎರಡು ಗೆರೆಯಾಗಿದ್ದವು. ಕೆಳಗಿನದು ಹಬ್ಬಕ್ಕೆ ಮೊದಲಿನದು. ಮೇಲಿನದು ಆಮೇಲಿನದು.

ಕುರ್ಚಿ ತಿರುಗಿಸಿ ನನ್ನನ್ನೇ ಕೇಳಿದರು. "ಕಾಕಾ, ನಾನಿಲ್ಲದಾಗ ಏನಾದ್ರೂ ಆಯ್ತಾ? ಯಂತ್ರ ಬಿತ್ತಾ? ಹಲಗೆಗೆ ನೀರು ತಾಗಿತಾ? ಆಗಿದ್ರೆ ಹೇಳಿ, ಬೈಯಲ್ಲ."

"ಇಲ್ರಿ ಮೇಡಂ. ಬೀಗ ತೆಗದೇ ಇಲ್ಲ" ಎಂದೆ.

ಅನುಮಾನಪಟ್ಟು ಕೇಳಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ. ಅವರು ನಂಬಿ ಕೇಳಿದರು. ಪಕ್ಕದಲ್ಲಿ ಕೂರಿಸಿಕೊಂಡು ಪಾಠ ತೋರಿಸಿದ್ದರಲ್ಲ, ಆ ಮನುಷ್ಯನಾಗಿಯೇ ಅವರ ಕಣ್ಣಲ್ಲಿ ಉಳಿಯಬೇಕೆಂಬ ಆಸೆ ನನಗೆ. ಡ್ರೈವರ್ ಬಾಗಿಲಲ್ಲಿ ನಿಂತಿದ್ದ. ನನ್ನ ಕಡೆ ನೋಡಿ ಹೊರಗೆ ಹೋದ.

ಮೇಡಂ ಯೋಚಿಸಿ ಯೋಚಿಸಿ ಒಂದು ಕಾರಣ ಕಂಡುಕೊಂಡರು. ಮಳೆ ನಿಂತು ಮಣ್ಣು ಒಣಗಿದೆ, ಒಣಮಣ್ಣು ಹಸಿಮಣ್ಣಿಗಿಂತ ಬೆಳ್ಳಗಿರುತ್ತದೆ. ಅದು ನಿಜವೂ ಹೌದು. ಬಂಡೆಯ ಅಳತೆಗಳನ್ನು ಬದಿಗಿಡಿ ಎಂದು ಅವರ ಸಂಸ್ಥೆಯ ಹಿರಿಯರು ಫೋನಿನಲ್ಲಿ ಹೇಳಿದರು. ಮೇಡಂ ಹಾಗೆಯೇ ಬರೆದು ಕಳಿಸಿದರು. ಸ್ವಲ್ಪ ದಿನಕ್ಕೆ, ಹಡಗಿಗೆ ನಿಮ್ಮನ್ನೇ ಆರಿಸಿದ್ದೇವೆ ಎಂದು ಫೋನು ಬಂತು. ಮೇಡಂ ಎಸ್‌ಟಿಡಿ ಬೂತಿನಿಂದ ಓಡುತ್ತಲೇ ಬಂದರು. ಡ್ರೈವರ್ ಪೇಡೆ ತಂದ. "ಮೇಡಂರೀ, ಒಂದು ಕರಿ ಕಂಬಳಿ ಹೊಚ್ಚಿಗೊಂಡು ಹೋಗ್ರಿ, ಅಲ್ಲಿ ಮಂದಿ ಕರಡಿ ಬಂತಂತ ಓಡ್ಲಿ" ಎಂದ. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಪೇಡೆ ಬಾಯಲ್ಲಿ ಕರಗಲೇ ಇಲ್ಲ.

ಹೊರಡುವ ಮೊದಲು ಕೊನೆಯದಾಗಿ ಒಂದು ಸಲ ಜಲಾಶಯದ ನೀರು ಅಳೆದುಬಿಡೋಣ ಎಂದರು. ತೆಪ್ಪದಲ್ಲಿ ನಾವಿಬ್ಬರು ಮತ್ತು ಹುಟ್ಟು ಹಾಕುವ ಬೆಸ್ತ. ನಾನು ಹಲಗೆ ಹಿಡಿದೆ, ಅವರು ಓದಿದರು. ಯಂತ್ರವನ್ನು ನೀರಿಗೆ ತಿರುಗಿಸಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಂಡರು. ತೆಪ್ಪ ನಿಧಾನಕ್ಕೆ ಸುತ್ತುತ್ತಿತ್ತು.

"ಕಾಕಾ, ಮಣ್ಣು ಒಣಗುತ್ತೆ. ನೀರು ಒಣಗುತ್ತಾ?"

ನಾನು ಹಲಗೆಯ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಮಳೆ ನಿಂತು ರಾಡಿ ಕೆಳಗಿಳಿದಿದೆ. ನೀರು ಮೊದಲಿಗಿಂತ ಕಪ್ಪಾಗಬೇಕಿತ್ತು. ಇದೂ ಬೆಳ್ಳಗಾಗಿದೆ. ಬಂಡೆ, ಮಣ್ಣು, ನೀರು, ಎಲ್ಲಾ ಒಟ್ಟಿಗೆ ಬೆಳ್ಳಗಾದ್ರೆ ಏನರ್ಥ?" ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಿದ್ದರು. "ನಂದೇ ಎಲ್ಲೋ ತಪ್ಪಿದೆ. ಪ್ರೋಗ್ರಾಮ್‌ನಲ್ಲೇ ಏನೋ ಕೆಡಿಸಿದ್ದೀನಿ. ಇದನ್ನ ಹೊತ್ಕೊಂಡು ಅಲ್ಲಿಗೆ ಹೋಗಿ ಏನು ಮಾಡ್ಲಿ?"

ನನ್ನ ಕೈಯಲ್ಲಿ ಹಲಗೆ ಇತ್ತು.

"ನಿಮ್ಮದಲ್ರಿ ಮೇಡಂ ತಪ್ಪು. ಹಬ್ಬದ ದಿನ ಈ ಹಲಗಿಗೆ ವಿಭೂತಿ ಹಚ್ಚಿದೆ. ಕುಂಕುಮ ಇಟ್ಟೆ. ಅದರ ಕಲೆ ಹೋಗ್ಲಿಲ್ಲ. ಅದನ್ನ ಮುಚ್ಚಾಕ ಮ್ಯಾಲೆಲ್ಲಾ ವಿಭೂತಿ ತಿಕ್ಕೀನ್ರಿ."

ಮಾತು ಕೇಳಿ ಬೆಸ್ತನಿಗೆ ಖುಷಿಯಾಯಿತು. "ಪೂಜಿ ಮಾಡಿದ್ರ ಒಳ್ಳೇದ ಆತಲ್ರಿ ಅಕ್ಕಾರ" ಎಂದ.

ಮೇಡಂ ಹಲಗೆ ಇಸಿದುಕೊಂಡರು. ಎಂದೂ ಮುಟ್ಟದಿದ್ದ ಅದರ ಮುಖವನ್ನು ಉಗುರಿನಿಂದ ಮೆಲ್ಲಗೆ ಗೀರಿದರು. ಪುಡಿ ಎದ್ದುಬಂತು, ಅಡಿಯಲ್ಲಿ ನಸುಗೆಂಪು ಕಂಡಿತು. ಆಗ ನನಗೂ ಲೆಕ್ಕ ಹೊಳೆಯಿತು. ವಿಭೂತಿ ಕಣ್ಣಿಗೆ ಬಿಳಿ, ಯಂತ್ರಕ್ಕೆ ಮಬ್ಬು. ಸೇರು ಕುಗ್ಗಿದಷ್ಟೂ ರಾಶಿ ಹೆಚ್ಚಾಗಿ ಕಾಣುತ್ತಿತ್ತು.

"ಅವತ್ತು ಕೇಳಿದ್ನಲ್ಲ" ಎಂದರು.

"ಕೇಳಿದ್ರಿ."

"ಅವತ್ತೇ ಹೇಳಿದ್ರೆ ಬೇರೆ ಹಲಗೆ ತರಿಸ್ತಿದ್ದೆ. ದಿನ ಇತ್ತು." ಇಷ್ಟೇ ಅಂದರು.

ಅವತ್ತು ಸಂಜೆ ಬೂತಿನಿಂದ ಹಿರಿಯರಿಗೆ ಫೋನು ಮಾಡಿದರು. ನಾನೂ ಡ್ರೈವರೂ ಗಾಜಿನ ಬಾಗಿಲ ಹೊರಗೆ ನಿಂತಿದ್ದೆವು. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಮಾತು ಕೇಳುತ್ತಿತ್ತು.

"ಇಲ್ಲ ಸರ್, ಇಷ್ಟು ಅಂತ ಕಳೆದು ಸರಿ ಮಾಡೋಕಾಗಲ್ಲ. ಜೀಪಿನ ಕುಲುಕಾಟಕ್ಕೆ ದಿನಾ ಉದುರಿದೆ, ದಿನಕ್ಕೊಂದು ಥರ ಇದೆ... ಹಬ್ಬಕ್ಕೆ ಮೊದಲಿನದರಲ್ಲಿ ಮರಳಿಲ್ಲ ಸರ್, ಒಣಮಣ್ಣಿಲ್ಲ. ಅಷ್ಟರಿಂದ ಕಲಿತದ್ದನ್ನ ನಂಬಿ ಹಿಮ ಓದೋಕಾಗಲ್ಲ... ಗೊತ್ತು ಸರ್. ಹಡಗಿಗೆ ಆ ಇನ್ನೊಬ್ಬರನ್ನೇ ಕಳಿಸಿ. ನಾನು ಇಲ್ಲೇ ಇದ್ದು ಮತ್ತೆ ಎಲ್ಲಾ ಅಳೀತೀನಿ."

ಆ ಕಡೆಯಿಂದ ಏನೋ ಕೇಳಿದರು.

"ಯಾರೂ ಅಲ್ಲ ಸರ್. ಹಲಗೆ ಕೊಳೆಯಾಗಿತ್ತು. ನಾನು ನೋಡ್ಕೋಬೇಕಿತ್ತು."

ಡ್ರೈವರ್ ನನ್ನ ತೋಳು ತಿವಿದ. "ಕಾಕಾ, ಒಳಗ ಹೋಗ್ರಿ. ನಾನ ಮಾಡೀನಿ ಅಂತ ಹೇಳ್ರಿ. ನಾನೂ ಬರ್ತೀನಿ, ಪೆಟ್ಟಿಗಿ ತಗೀರಿ ಅಂದಾಂವ ನಾನ." ಬಾಗಿಲ ಹಿಡಿಕೆಗೆ ಕೈ ಹಾಕಿದೆ. ತಣ್ಣಗಿತ್ತು. ಒಳಗೆ ಹೋಗಲಿಲ್ಲ. ಫಾರಂಗೆ ಸುದ್ದಿ ಮುಟ್ಟುತ್ತದೆ, ಕೆಲಸ ಹೋಗುತ್ತದೆ, ಬೀಗದ ಕೈ ಕೊಟ್ಟಿದ್ದ ಮನುಷ್ಯ ಹೀಗೆ ಮಾಡಿದ ಎನ್ನುತ್ತಾರೆ ಎಂದೆಲ್ಲ ತಲೆಯಲ್ಲಿ ಓಡಿತು. ಅಷ್ಟರಲ್ಲಿ ಮೇಡಂ ಫೋನು ಇಟ್ಟರು.

ಹಲಗೆ ಹೇಗೋ ಕೆಟ್ಟಿತು, ಮೇಡಂ ಪಾಪ ಹಡಗು ತಪ್ಪಿಸಿಕೊಂಡರು ಎಂದು ಇಷ್ಟು ವರ್ಷ ನಾನು ಹೇಳುತ್ತ ಬಂದ ಕಥೆ. ಹೇಗೋ ಕೆಡಲಿಲ್ಲ. ನಾನು ಕೆಡಿಸಿದೆ. ಕೇಳಿದಾಗ ಸುಳ್ಳು ಹೇಳಿದೆ. ಅವರು ಆ ತಪ್ಪನ್ನು ತಮ್ಮ ಹೆಸರಿಗೆ ಹಾಕಿಕೊಂಡಾಗ ಬಾಗಿಲ ಹೊರಗೆ ನಿಂತೆ. ವಿಭೂತಿ ಹಚ್ಚಿದ್ದನ್ನು ದೇವರು ಕ್ಷಮಿಸಿದ್ದಾನು. ಉಳಿದೆರಡನ್ನು ಅವನ ಮುಂದೆ ಇಡಲು ನನಗೇ ನಾಚಿಕೆ.

ಹೊಸ ಹಲಗೆ ಬಂತು. ಚಳಿಗಾಲ ಪೂರ್ತಿ ಮತ್ತೆ ಅದೇ ದಾರಿಗಳು. ಮೇಡಂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬೀಗದ ಕೈಯನ್ನು ಮಾತ್ರ ಕೇಳಿ ತೆಗೆದುಕೊಂಡರು. ಕಾಕಾ ಎನ್ನುವುದನ್ನೂ ಬಿಡಲಿಲ್ಲ. ಆದರೆ ಕಂಪ್ಯೂಟರಿನ ಪಕ್ಕಕ್ಕೆ ಮತ್ತೆ ಕರೆಯಲಿಲ್ಲ. ಈ ಸಲ ಚುಕ್ಕಿಗಳು ಒಂದೇ ಗೆರೆಗೆ ಬಂದವು ಎಂದು ಡ್ರೈವರ್ ಹೇಳಿ ನನಗೆ ತಿಳಿಯಿತು. ಮುಂದೆ ಆ ಇನ್ನೊಬ್ಬರು ಹಿಮದ ಮೇಲೆ ಅಳೆದು ತಂದ ಲೆಕ್ಕಕ್ಕೂ ಇಲ್ಲಿ ಕಲಿತ ಪ್ರೋಗ್ರಾಮು ಕೊಟ್ಟ ಉತ್ತರಕ್ಕೂ ಚೆನ್ನಾಗಿ ಹೊಂದಿತಂತೆ. ಮೇಡಂ ಹಿಮ ನೋಡಿದರೋ ಇಲ್ಲವೋ, ನನಗೆ ತಿಳಿಯದು.

ಹಡಗು ಹೊರಡುವ ದಿನ ನಾವು ಮಾಗಳದ ಮರಳಿನ ಮೇಲೆ ಇದ್ದೆವು. ತುಂಗಭದ್ರೆ ಸಣ್ಣಗೆ ಹರಿಯುತ್ತಿದ್ದಳು. ಚಳಿಗಾಲದ ಬಿಸಿಲಿಗೆ ಮರಳು ಬೆಳ್ಳಗೆ, ದೂರದವರೆಗೆ. ನಾನು ಹೊಸ ಹಲಗೆಯ ಅಂಚು ಹಿಡಿದು ನಿಂತಿದ್ದೆ. ಮೇಡಂ ಯಂತ್ರದ ಹಿಂದೆ ಬಗ್ಗಿದ್ದರು. ಅವತ್ತು ಯಾವ ದಿನ ಎಂದು ಮೂವರಿಗೂ ಗೊತ್ತಿತ್ತು, ಯಾರೂ ಆಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಮೇಡಂ, ನನ್ನಿಂದ ನೀವು ಇವತ್ತು..." ಎಂದೆ.

ಅವರು ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿದರು. ಸಿಟ್ಟಿರಲಿಲ್ಲ. ಸಮಾಧಾನ ಹೇಳುವ ಮುಖವೂ ಅಲ್ಲ.

"ಹೌದು ಕಾಕಾ. ನಿಮ್ಮಿಂದಲೇ" ಎಂದರು. ಗಡಿಯಾರ ನೋಡಿಕೊಂಡರು. "ಉಪಗ್ರಹ ಬರೋ ಹೊತ್ತಾಯ್ತು. ಹಲಗೆ ಎಡಕ್ಕೆ ವಾಲಿದೆ, ಸರಿಯಾಗಿ ಹಿಡೀರಿ."

ಹಲಗೆಯ ಅಂಚಿಗೆ ಕೂರಿಸಿದ್ದ ರಸಮಟ್ಟದಲ್ಲಿ ಗುಳ್ಳೆ ಒಂದು ಕಡೆ ಸರಿದಿತ್ತು. ಕಣ್ಣು ಮಂಜಾಗಿ ಸರಿಯಾಗಿ ಕಾಣುತ್ತಿರಲಿಲ್ಲ. ಮೊಣಕಾಲೂರಿ, ಉಸಿರು ಹಿಡಿದು, ಅದನ್ನು ನಡುವಿಗೆ ತಂದೆ.

"ಹ್ಞಾ, ಅಲ್ಲೇ" ಎಂದರು ಮೇಡಂ. "ಅಲುಗಾಡಬೇಡಿ."